ಮೂಸಿದ ಹೂವು, ಮೂಸದ ಸೀಸೆ

ಎಡಿನ್‌ಬರೋದ ಒಂದು ಪುಟ್ಟ ಅತ್ತರಿನಂಗಡಿಯಲ್ಲಿ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದೆ. ಅದೂ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲದ ಸುಳ್ಳು. ಅಂಗಡಿಯ ಹೆಂಗಸು ಬೆರಳಗಲದ ಕಾಗದದ ಪಟ್ಟಿಗೆ ಎರಡು ಹನಿ ಹಾಕಿ ನನ್ನ ಕೈಗೆ ಕೊಟ್ಟು, ಬೇರೆ ಗಿರಾಕಿಯನ್ನು ನೋಡಲು ಹೋಗಿದ್ದಳು. ನಾನು ಪಟ್ಟಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡೆ. ಅವಳು ತಿರುಗಿ ಬಂದು, ಇದನ್ನು ಮೂಸಿದೆಯಾ ಎಂದು ಕೇಳಿದಳು. ನಾನು ಪಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಇಲ್ಲ, ಮೂಸಿಲ್ಲ ಎಂದುಬಿಟ್ಟೆ. ಪಕ್ಕದಲ್ಲೇ ನಿಂತಿದ್ದ ನನ್ನ ಇಬ್ಬರು ಗೆಳತಿಯರು ಮುಖ ಮುಖ ನೋಡಿಕೊಂಡರು. ನನಗಾಗ ಇಪ್ಪತ್ಮೂರು ವರ್ಷ. ಅತ್ತರಿನಂಗಡಿಗೆ ಹೋಗುವುದೇ ಮೂಸುವುದಕ್ಕೆ ಎನ್ನುವಷ್ಟು ಬುದ್ಧಿ ಇತ್ತು. ಆದರೂ ಆ ಮಾತೇ ಬಾಯಿಗೆ ಬಂತು, ಏಕೆಂದರೆ ಅರಸೀಕೆರೆಯ ನಮ್ಮ ಹಿತ್ತಲಲ್ಲಿ ಆ ಪ್ರಶ್ನೆಗೆ ಹದಿನೈದು ವರ್ಷ ನಾನು ಕೊಟ್ಟ ಉತ್ತರ ಅದೊಂದೇ.

ಹಿತ್ತಲಲ್ಲಿ ಕೇಳುತ್ತಿದ್ದವಳು ನಮ್ಮಜ್ಜಿ, ಅಪ್ಪನ ತಾಯಿ. ದೇವರಿಗೆ ಏರಿಸುವ ಹೂವನ್ನು ಮೊದಲು ನಾವು ಮೂಸಬಾರದು, ಮೂಸಿದರೆ ಅದು ಎಂಜಲಾದ ಹಾಗೆ. ಈ ನಿಯಮ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಆದರೆ ಅಜ್ಜಿ ಅದನ್ನು ಒಂದು ವಿದ್ಯೆಯ ಹಾಗೆ ಕಲಿಸಿದಳು. ಹೂ ಬಿಡಿಸುವಾಗ ಮುಖವನ್ನು ಎಡಕ್ಕೆ ತಿರುಗಿಸಿಕೊಳ್ಳಬೇಕು. ಬುಟ್ಟಿಯನ್ನು ಸೊಂಟಕ್ಕಿಂತ ಮೇಲೆ ಎತ್ತಬಾರದು. ಗಾಳಿಯೇ ಘಮವನ್ನು ಮೂಗಿಗೆ ತಂದರೆ ಅದು ಗಾಳಿಯ ತಪ್ಪು, ನಾವೇ ಬಗ್ಗಿ ಎಳೆದುಕೊಂಡರೆ ನಮ್ಮ ತಪ್ಪು. ನಮ್ಮ ಮನೆ ರೈಲ್ವೆ ಸ್ಟೇಷನ್ನಿನಿಂದ ಎರಡು ಬೀದಿ ಆಚೆಗಿತ್ತು. ಮುಂದೆ ಅಪ್ಪನ ಕೊಬ್ಬರಿ ಗೋಡೌನು, ಹಿಂದೆ ಮಲ್ಲಿಗೆ ಚಪ್ಪರ, ಒಂದು ಸಂಪಿಗೆ ಮರ, ಬಾವಿಕಟ್ಟೆಯ ಪಕ್ಕ ಜಾಜಿ. ಇಷ್ಟನ್ನೂ ಹಿತ್ತಲಲ್ಲಿ ಬೆಳೆಸಿ ಮಕ್ಕಳಿಗೆ ಮೂಸಬೇಡ ಎನ್ನುವುದು ಎಂಥ ನ್ಯಾಯ ಎಂದು ನನಗೆ ಈಗಲೂ ಅರ್ಥವಾಗಿಲ್ಲ.

ಏಳು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಬುಟ್ಟಿ ತಂದುಕೊಟ್ಟಾಗ ಅಜ್ಜಿ ಎಂದಿನಂತೆ, "ಮೂಸಿಲ್ಲ ತಾನೇ?" ಎಂದಳು. ನಾನು ಸತ್ಯ ಹೇಳಿದೆ. ಒಂದೇ ಒಂದು ಸಂಪಿಗೆಯನ್ನು ಮೂಸಿದೆ ಎಂದೆ. ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಬುಟ್ಟಿಯನ್ನು ತೆಗೆದುಕೊಂಡು ಹೋಗಿ ತೆಂಗಿನ ಮರದ ಬುಡಕ್ಕೆ ಅಷ್ಟೂ ಹೂವನ್ನು ಸುರಿದಳು. ಆಮೇಲೆ ಚಪ್ಪಲಿಯಿಲ್ಲದೆ ರೈಲ್ವೆ ಗೇಟಿನ ಆಚೆಗೆ ಹೋದವಳು ತುಂಬ ಹೊತ್ತಿನ ಮೇಲೆ ಸೆರಗಿನಲ್ಲಿ ಹಿಡಿ ತುಂಬೆ ಹೂ ಕಟ್ಟಿಕೊಂಡು ಬಂದಳು. ತುಂಬೆ ಎಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬದುಗಳಲ್ಲಿ ತಾನೇ ತಾನಾಗಿ ಹುಟ್ಟುವ ಬಿಳಿ ಹೂ. ಒಂದು ಹಿಡಿ ಆಗಬೇಕಾದರೆ ನೂರು ಸಲ ಬಗ್ಗಬೇಕು. ಅಂದು ಅವಳ ಪೂಜೆ ಮುಗಿದಾಗ ನಮ್ಮ ಮನೆಯಲ್ಲಿ ಎಲ್ಲರ ತಿಂಡಿಯೂ ಆಗಿಹೋಗಿತ್ತು.

ನಿಜ ಹೇಳಿದ್ದಕ್ಕೆ ಅಷ್ಟು ಹೂವು ದಂಡವಾಯಿತಲ್ಲ ಎಂದು ಮರುದಿನದಿಂದ ನಾನು ಸುಳ್ಳು ಹಿಡಿದೆ. ಮುಖ ಎಡಕ್ಕೆ ತಿರುಗಿಸುವುದು, ಹಿಂದೆ ಯಾರಿಲ್ಲವೆಂದು ನೋಡುವುದು, ಮತ್ತೆ ಬುಟ್ಟಿಗೆ ಮುಖವಿಟ್ಟು ಕುಡಿಯುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಇಬ್ಬನಿ ಆರದ ಮಲ್ಲಿಗೆಗೆ ಒಂದು ಘಮ, ಬಿಸಿಲು ಬಿದ್ದ ಮೇಲೆ ಇನ್ನೊಂದು. ಮೊಗ್ಗಿನದು ಹಸಿ, ಅರಳಿದ್ದು ಸಿಹಿ, ಸಂಜೆಗೆ ಬಾಡಿದ್ದು ಬೇರೆಯೇ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ, ಕದ್ದು ಕಲಿತೆ. ಬುಟ್ಟಿ ಕೊಡುವಾಗ ಅಜ್ಜಿ, "ಮೂಸಿಲ್ಲ ತಾನೇ?" ಎನ್ನುವಳು. "ಇಲ್ಲ ಅಜ್ಜಿ" ಎನ್ನುವೆನು. ಇದು ಮನೆಯಲ್ಲಿ ಬೆಳಗಿನ ಕಾಫಿಯಷ್ಟೇ ಖಾಯಂ ಆಯಿತು. ಅವಳು ಪೂಜೆಗೆ ಕೂತಾಗ ಬಾಗಿಲು ಮುಚ್ಚಿರುತ್ತಿತ್ತು, ಮುಗಿಯುವವರೆಗೆ ನಾವು ಯಾರೂ ಒಳಗೆ ಹೋಗುತ್ತಿರಲಿಲ್ಲ.

ಆಮೇಲೆ ಅಜ್ಜಿ ಜಗಲಿಯಲ್ಲಿ ಕೂತು ಹೂ ಕಟ್ಟುವಳು. ನಾನು ಕೆಳಗಿನ ಮೆಟ್ಟಿಲ ಮೇಲೆ ಅವಳಿಗೆ ಬೆನ್ನು ಕೊಟ್ಟು ಕೂರುವೆನು. ನಮ್ಮದೇ ಕೊಬ್ಬರಿಯಿಂದ ಗಾಣದಲ್ಲಿ ಆಡಿಸಿದ ಎಣ್ಣೆಯನ್ನು ತಲೆಗೆ ತಟ್ಟಿ, ಜಡೆ ಹೆಣೆದು, ಮೊಳದುದ್ದ ಹೂ ಮುಡಿಸುವಳು. ಹೂ ಕಡಿಮೆ ಬಿಟ್ಟ ದಿನಗಳಲ್ಲೂ ನನ್ನ ಜಡೆಗೆ ಕಡಿಮೆಯಾಗುತ್ತಿರಲಿಲ್ಲ. ಸ್ಕೂಲಿನಲ್ಲಿ ನನಗೆ ಅದರದೇ ಒಂದು ಜಂಬವಿತ್ತು. ಮುಡಿಸಿದ ಮೇಲೆ ಅವಳು ನನ್ನ ಕುತ್ತಿಗೆಯ ಹತ್ತಿರ ಮುಖ ತಂದು ಒಂದಷ್ಟು ಹೊತ್ತು ಹಾಗೇ ಇರುತ್ತಿದ್ದಳು. ಕಣ್ಣು ಮಂಜಾಗಿದೆ, ದಾರದ ಗಂಟು ಕಾಣುವುದಿಲ್ಲ, ಪಾಪ ಎಂದುಕೊಳ್ಳುತ್ತಿದ್ದೆ. ಅಜ್ಜಿಗೆ ಮೂವತ್ತು ದಾಟುವ ಮೊದಲೇ ಅಜ್ಜ ತೀರಿಹೋಗಿದ್ದ. ಅಂದಿನಿಂದ ಅವಳು ಹೂ ಮುಡಿದವಳಲ್ಲ. ಊರಿಗೆಲ್ಲ ಹೂ ಕಟ್ಟಿಕೊಟ್ಟರೂ ತನ್ನ ತಲೆಗೆ ಒಂದು ಎಸಳನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ಕಾಲೇಜು ಮುಗಿಸಿದ ಮೇಲೆ ನನಗೆ ಹಳೆಯ ಕಲ್ಲುಕಟ್ಟಡಗಳನ್ನು ಕಾಪಾಡುವ ವಿದ್ಯೆ ಕಲಿಯಬೇಕೆಂಬ ಹುಚ್ಚು ಹತ್ತಿತು. ಬಳಪದ ಕಲ್ಲು ಏಕೆ ಪುಡಿಯಾಗುತ್ತದೆ, ಬಿರುಕಿಗೆ ಏನು ಮದ್ದು, ಇಂಥ ಪಾಠ. ಸ್ಕಾಟ್ಲೆಂಡಿನಲ್ಲಿ ಒಂದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಅಪ್ಪ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕಲ್ಲು ನೋಡಲು ಕಡಲು ದಾಟಬೇಕೇ, ಬಸ್ಸು ಹತ್ತಿದರೆ ಹಳೇಬೀಡು, ಇನ್ನರ್ಧ ಗಂಟೆ ಕೂತರೆ ಬೇಲೂರು, ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಿಮ್ಮಂಥವರನ್ನು ನೋಡಿಯೇ ಎಂದರು. ವಾದದಲ್ಲಿ ಹುರುಳಿತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಮೂರು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ನಾಲ್ಕನೆಯ ದಿನ ಅಜ್ಜಿ ಅಪ್ಪನ ಮುಂದೆ ನಿಂತು, ತಾನು ಈಶ್ವರನಿಗೆ ಹರಕೆ ಹೊತ್ತಿರುವುದಾಗಿ ಹೇಳಿದಳು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ದಿನವೂ ಗುಡಿಗೆ ಮೂಸದ ಹೂ ಕೊಡುತ್ತೇನೆ, ಹುಡುಗಿಯ ಓದು ಕೈಗೂಡಲಿ ಎಂದು. ಹೊತ್ತ ಹರಕೆಗೆ ಅಡ್ಡ ಬರುವ ಧೈರ್ಯ ಅಪ್ಪನಿಗಿರಲಿಲ್ಲ.

ಆ ನಲವತ್ತೆಂಟು ದಿನವೂ ಹೂ ಬಿಡಿಸಿದವಳು ನಾನು. ಬೇಸಿಗೆ, ಮಲ್ಲಿಗೆಯ ಸುಗ್ಗಿ. ಇಪ್ಪತ್ತೆರಡು ವರ್ಷದ ಕತ್ತೆಗೆ ಒಂದು ಮಂಡಲ ಮೂಗು ಹಿಡಿದುಕೊಳ್ಳಲು ಆಗಲಿಲ್ಲ. ಮೊದಲ ದಿನ ಶಪಥ ಮಾಡಿಕೊಂಡೇ ಹೋದೆ. ಚಪ್ಪರದ ಕೆಳಗೆ ನಿಂತಾಗ ಶಪಥ ಎಲ್ಲಿ ಹೋಯಿತೋ ತಿಳಿಯದು, ಬುಟ್ಟಿಯಲ್ಲಿ ಮುಖವಿಟ್ಟಿದ್ದೆ. ಅಜ್ಜಿ ಕೇಳಿದಳು, ನಾನು ಇಲ್ಲ ಎಂದೆ. ಅವಳು ಹೂ ಕಟ್ಟಿ, ನನಗಿಷ್ಟು ಮುಡಿಸಿ, ಮುಚ್ಚಿದ ಬುಟ್ಟಿ ಹಿಡಿದು ಗುಡಿಗೆ ಹೋದಳು. ಮಂಡಲ ಮುಗಿಯಿತು, ವೀಸಾ ಬಂತು, ಅಪ್ಪನೇ ಪೆಟ್ಟಿಗೆ ಕೊಡಿಸಿದರು. ಊರೆಲ್ಲ ಅಜ್ಜಿಯ ಹರಕೆ ಫಲಿಸಿತು ಎಂದಿತು. ಆ ಹರಕೆಯ ಹೂವೆಲ್ಲ ಎಂಜಲೆಂದು ನನಗೊಬ್ಬಳಿಗೇ ಗೊತ್ತಿತ್ತು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ವಿಮಾನ ಹತ್ತಿದೆ.

ಎಡಿನ್‌ಬರೋದ ಮೊದಲ ತಿಂಗಳು ನನಗೆ ಅಳುವುದೂ ಮರೆತುಹೋಗುವಷ್ಟು ಚಳಿ. ಒದ್ದೆ ಕೂದಲು ಒಣಗುತ್ತಿರಲಿಲ್ಲ, ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತಿತ್ತು. ಬಸ್ಸಿನಲ್ಲಿ ಯಾರೋ ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಕೂತರು. ಎಣ್ಣೆಯ ವಾಸನೆಗೇ ಎದ್ದರೋ, ಕಿಟಕಿ ಬೇಕಾಗಿತ್ತೋ, ನನಗೆ ಗೊತ್ತಿಲ್ಲ. ಎಣ್ಣೆಗೇ ಎಂದು ನಾನು ತೀರ್ಮಾನಿಸಿದೆ. ಆ ವಾರವೇ ಹೋಗಿ ಜಡೆಯನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದೆ, ಎಣ್ಣೆಯನ್ನೂ ಬಿಟ್ಟೆ. ಕತ್ತರಿಸಿದ್ದನ್ನು ಮನೆಗೆ ಬರೆಯಲಿಲ್ಲ, ಫೋಟೋ ಕಳಿಸುವಾಗ ತಲೆಗೆ ಟೋಪಿ ಹಾಕಿಕೊಂಡೆ.

ಆ ಊರಿನಲ್ಲಿ ನನ್ನನ್ನು ಮನುಷ್ಯಳಾಗಿ ಉಳಿಸಿದವರು ಇಬ್ಬರು ಗೆಳತಿಯರು. ಇಬ್ಬರೂ ನನ್ನ ಹಾಸ್ಟೆಲಿನವರೇ. ಒಬ್ಬಳು ನೈಜೀರಿಯಾದವಳು, ಎತ್ತರದ ಆಳು, ಎತ್ತರದ ದನಿ, ನಗತೊಡಗಿದರೆ ಮೂರನೆಯ ಮಹಡಿಗೆ ಕೇಳುತ್ತಿತ್ತು. ಮೊದಲ ದಿನ ಊಟದ ಹಾಲಿನಲ್ಲಿ ಒಬ್ಬಳೇ ಕೂತಿದ್ದ ನನ್ನ ಪಕ್ಕ ಬಂದು ಕೂತವಳು ಅವಳೇ. ಇನ್ನೊಬ್ಬಳು ಇರಾನಿನವಳು, ಮಾತು ಕಡಿಮೆ, ಆಡಿದ್ದನ್ನು ತಿದ್ದಲು ಆಗದಂಥ ಮಾತು. ಒಂದು ಶನಿವಾರ ಮೂವರೂ ತರಕಾರಿಗೆ ಹೊರಟು, ಮಳೆಗೆ ಸಿಕ್ಕಿ, ಹತ್ತಿರ ಕಂಡ ಬಾಗಿಲು ತಳ್ಳಿ ಒಳನುಗ್ಗಿದೆವು. ಅದು ಅತ್ತರಿನಂಗಡಿ. ದೊಡ್ಡ ಮಳಿಗೆಗಳಲ್ಲಿ ಸಿಗುವ ಹೆಸರಾಂತ ಸೀಸೆಗಳಲ್ಲ, ಒಳಗೆ ಕೂತು ತಾವೇ ಬೆರೆಸಿ, ಕೈಬರಹದ ಚೀಟಿ ಅಂಟಿಸಿ ಮಾರುವಂಥ ಅಂಗಡಿ. ಕೊಳ್ಳುವವರಲ್ಲ ಎಂದು ನಮ್ಮ ಬೂಟು ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಅಲ್ಲಿನ ಹೆಂಗಸು, ಮಳೆ ನಿಲ್ಲುವವರೆಗೆ ಮೂಸಿ ನೋಡಿ ಎಂದು ಹತ್ತು ಪಟ್ಟಿ ಮುಂದಿಟ್ಟಳು.

ಅಲ್ಲಿಂದ ನಮ್ಮ ಶನಿವಾರಗಳೆಲ್ಲ ಅದಕ್ಕೇ ಹೋದವು. ಗಲ್ಲಿಗಳಲ್ಲಿ ಅಂಥ ಅಂಗಡಿ ಇನ್ನೂ ನಾಲ್ಕೈದು ಸಿಕ್ಕವು. ಒಂದು ಚರ್ಚಿನ ಬೆನ್ನಿಗೆ, ಒಂದು ನೆಲಮಾಳಿಗೆಯಲ್ಲಿ, ಒಂದು ಹಳೆಯ ಔಷಧಿ ಅಂಗಡಿಯ ಅರ್ಧದಲ್ಲಿ. ನೈಜೀರಿಯಾದವಳು ಪ್ರತಿ ಪರಿಮಳಕ್ಕೂ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದಳು. ಇದು ನಮ್ಮ ಹೆಡ್‌ಮಿಸ್ಟ್ರೆಸ್, ಇದು ಊಟದ ಹೊತ್ತಿಗೆ ಸರಿಯಾಗಿ ಬರುವ ಚಿಕ್ಕಪ್ಪ ಎಂದು. ಇರಾನಿನವಳ ಊರಿನಲ್ಲಿ ಮನೆಮನೆಯಲ್ಲೂ ಪನ್ನೀರು ಇಳಿಸುತ್ತಿದ್ದರಂತೆ. ಅವಳು ಅಲ್ಲಿನ ಗುಲಾಬಿ ಅತ್ತರುಗಳನ್ನೆಲ್ಲ ಮೂಸಿ, ಇದು ಗುಲಾಬಿಯಲ್ಲ, ಗುಲಾಬಿಯ ಫೋಟೋ ಎಂದು ಪಕ್ಕಕ್ಕಿಡುವಳು. ನನಗೆ ಮಲ್ಲಿಗೆಯದು ಅದೇ ಗತಿ. ಒಂದೊಂದೂ ಮದುವೆ ಛತ್ರದ ಮರುದಿನದ ಹೂವಿನ ಹಾಗಿತ್ತು. ಆದರೆ ನನ್ನ ಮೂಗು ಚುರುಕೆಂದು ಅವರಿಬ್ಬರೇ ಮೊದಲು ಕಂಡುಹಿಡಿದವರು. ಯಾವುದರಲ್ಲಿ ಶ್ರೀಗಂಧ ನಿಜದ್ದು, ಯಾವುದರಲ್ಲಿ ಎಣ್ಣೆ ಕಮಟಾಗಿದೆ ಎಂದು ಹೇಳಿದರೆ ಅಂಗಡಿಯವರೂ ಹುಬ್ಬೇರಿಸುತ್ತಿದ್ದರು. ಕೊಬ್ಬರಿ ಗೋಡೌನಿನಲ್ಲಿ ಹುಟ್ಟಿದವಳಿಗೆ ಕಮಟು ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗಬೇಕು.

ನಾನು ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಮೊದಲ ಅಂಗಡಿಯಲ್ಲೇ, ನಾವು ನಾಲ್ಕನೆಯದೋ ಐದನೆಯದೋ ಸಲ ಹೋದಾಗ. ಹೊರಗೆ ಬಂದು ಚಹಾ ಕುಡಿಯುವಾಗ ಗೆಳತಿಯರು ಬಿಡಲಿಲ್ಲ. ಸಂಪಿಗೆ, ತೆಂಗಿನ ಬುಡ, ದಿನದ ಪ್ರಶ್ನೆ, ಹರಕೆ, ಎಲ್ಲ ಹೇಳಿದೆ. ನೈಜೀರಿಯಾದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇರಾನಿನವಳು ನಗಲಿಲ್ಲ. ಅಜ್ಜಿಗೆ ಇದು ಗೊತ್ತೇ ಎಂದು ಕೇಳಿದಳು. ಇಲ್ಲ ಎಂದೆ. ಹಿತ್ತಲ ಹೂ ನಿನ್ನ ಆಟ, ಇರಲಿ, ಆದರೆ ಹರಕೆ ಅವಳದು, ಅವಳು ದೇವರಿಗೆ ಕೊಟ್ಟ ಮಾತು, ಅದು ಮುರಿದಿದ್ದರೆ ಅವಳಿಗೆ ತಿಳಿಯಬೇಕು ಎಂದಳು. ನನಗೆ ರೇಗಿತು. ನಮ್ಮ ದೇವರ ವಿಷಯ ಇವಳಿಗೇಕೆ ಎಂದು ಒಂದು ವಾರ ಅವಳ ಜೊತೆ ಮಾತು ಬಿಟ್ಟೆ. ಎಂಟನೆಯ ದಿನ ನಾನೇ ಅವಳ ಬಾಗಿಲು ತಟ್ಟಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುವ ಹಾಗಾಗಿತ್ತು ನನ್ನ ಸ್ಥಿತಿ.

ಊರಿಗೆ ಹೊರಡುವ ಮುಂಚೆ ಅಜ್ಜಿಗೆ ಒಂದು ಸೀಸೆ ಒಯ್ಯಬೇಕೆಂದು ಮೂವರೂ ಸೇರಿ ನಿಶ್ಚಯಿಸಿದೆವು. ಹೂ ಮುಡಿಯದವಳಿಗೆ, ಹೂ ಮೂಸದವಳಿಗೆ, ಯಾವ ನಿಯಮವೂ ಅಡ್ಡ ಬರದ ಒಂದು ಘಮ ಸಿಗಲಿ ಎಂಬುದು ನನ್ನ ಆಸೆ. ಅದನ್ನು ಕೈಗಿಟ್ಟು ಹರಕೆಯ ವಿಷಯ ಹೇಳಿಬಿಡುವುದು. ಒಂದು ಹಟ ಮಾತ್ರ ಹಿಡಿದೆ. ಈ ಒಂದನ್ನಾದರೂ ನಾನು ಮೊದಲು ಮೂಸುವುದಿಲ್ಲ. ಅಂಗಡಿಯ ಹೆಂಗಸಿಗೆ ಇದು ವಿಚಿತ್ರವಾಗಿ ಕಂಡಿರಬೇಕು, ಆದರೆ ಪುಣ್ಯಾತ್ಗಿತ್ತಿ ಒಪ್ಪಿದಳು. ನನ್ನನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿ, ಹಿತ್ತಲು ಹೇಗಿತ್ತು ಎಂದು ಕೇಳುತ್ತ ಹೋದಳು. ಇಬ್ಬನಿಯ ಮಲ್ಲಿಗೆ, ಬಿದಿರಿನ ಬುಟ್ಟಿ, ಗೋಡೆಯಾಚೆ ಒಣಗಿದ ಕೊಬ್ಬರಿ ಎಂದು ನಾನು ಹೇಳುತ್ತ ಹೋದೆ. ಅವಳು ಹನಿ ಹನಿ ಬೆರೆಸುತ್ತ, ಪಟ್ಟಿಗಳನ್ನು ಗೆಳತಿಯರಿಗೆ ಕೊಡುತ್ತಿದ್ದಳು.

ಮೂರು ಶನಿವಾರ ಹಿಡಿಯಿತು. ಕೊನೆಯ ಸಲ ನೈಜೀರಿಯಾದವಳು ಒಂದು ಪಟ್ಟಿಯನ್ನು ಮೂಸಿ, ಎಂದೂ ಇಲ್ಲದಂತೆ ಸುಮ್ಮನಾದಳು. ಇದು ಯಾರ ಹಾಗಿದೆ ಎಂದು ಕೇಳಿದರೆ ಹೇಳಲಿಲ್ಲ, ಇದೇ ಎಂದಷ್ಟೇ ಅಂದಳು. ಇರಾನಿನವಳು ಮೂಸಿ, ಇದು ಫೋಟೋ ಅಲ್ಲ ಎಂದಳು. ನನ್ನ ಇಬ್ಬರು ಗೆಳತಿಯರ ಮೂಗನ್ನು ನಂಬಿ ನಾನು ಅದನ್ನೇ ಗಟ್ಟಿ ಮಾಡಿದೆ. ಹೆಬ್ಬೆರಳುದ್ದದ ಹೊಸ ಸೀಸೆಗೆ ತುಂಬಿಸಿ, ಬಿರಡೆ ಹಾಕಿ, ಮೇಲೆ ಅರಗಿನಿಂದ ಮುಚ್ಚಿಸಿಕೊಂಡೆ. ಪರಿಮಳ ಮೂಸದೆ ಕೊಂಡ ಮೊದಲ ಗಿರಾಕಿ ನೀನೇ ಎಂದು ಆ ಹೆಂಗಸು ನನ್ನ ಕೈ ಕುಲುಕಿದಳು.

ಊರಿಗೆ ಬಂದ ದಿನ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ತಬ್ಬಿಕೊಂಡಾಗ ಅವಳ ಕೈ ನನ್ನ ಬೆನ್ನ ಮೇಲೆ ಜಡೆಯನ್ನು ಹುಡುಕಿತು. ಕುತ್ತಿಗೆಯವರೆಗೆ ಏರಿ ಅಲ್ಲೇ ನಿಂತಿತು. ಅಮ್ಮ ಬೈದಳು, ಅಪ್ಪ ಪರವಾಗಿಲ್ಲ ಎಂದರು, ಅಜ್ಜಿ ನನ್ನ ಕೈಚೀಲ ತೆಗೆದುಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸಂಜೆ ಸೀಸೆಯನ್ನು ಕೈಗಿಟ್ಟು, ಇದನ್ನು ಮಾತ್ರ ನಾನು ನಿಜವಾಗಿಯೂ ಮೂಸಿಲ್ಲ ಅಜ್ಜಿ ಎಂದೆ. ಅವಳು ಸೀಸೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ಹರಕೆಯ ಮಾತು ನನ್ನ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಮರುದಿನ ಹೇಳೋಣ ಎಂದುಕೊಂಡೆ. ಮರುದಿನಗಳು ತಿಂಗಳಾದವು, ಅರಗು ಒಡೆಯದೆ ಸೀಸೆ ಗೂಡಿನಲ್ಲೇ ಇತ್ತು.

ಅಷ್ಟರಲ್ಲಿ ನನಗೆ ಹಳೇಬೀಡಿನಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು. ಬಿದ್ದ ಕಲ್ಲುಗಳಿಗೆ ನಂಬರು ಹಾಕಿ, ಅವುಗಳ ರೋಗ ಬರೆದಿಡುವುದು. ಅಪ್ಪನಿಗೆ ಗೆದ್ದಷ್ಟು ಖುಷಿ, ಕಡಲು ದಾಟಿ ಹೋದವಳು ಕೊನೆಗೆ ಅದೇ ಹಳೇಬೀಡಿನ ಬಸ್ಸಿಗೇ ಬಂದೆಯಲ್ಲ ಎಂದು. ಕಾರ್ತಿಕದ ಒಂದು ರಜೆಯ ದಿನ ಅಜ್ಜಿ, ನಿನ್ನ ಕಲ್ಲು ತೋರಿಸು ಎಂದು ತಾನೇ ಕೇಳಿದಳು. ಬೆಳಗಿನ ಬಸ್ಸಿಗೆ ಹೊರಟು ಮೊದಲು ನೇರ ಬೇಲೂರಿಗೆ ಹೋದೆವು. ಗುಡಿಯ ಹೊರಗೆ ಹೂ ಮಾರುವವಳ ಹತ್ತಿರ ಅಜ್ಜಿ ಒಂದು ಮೊಳ ಕಾಕಡ ಕೊಂಡು, ಅಲ್ಲೇ ನನ್ನ ಹಿಂದೆ ನಿಂತು ಮುಡಿಸಲು ನೋಡಿದಳು. ಗಿಡ್ಡ ಕೂದಲಲ್ಲಿ ಪಿನ್ನು ನಿಲ್ಲಲಿಲ್ಲ, ಹೂ ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಅವಳು ಅದನ್ನು ಹೂ ಮಾರುವವಳ ಮಗಳಿಗೇ ಕೊಟ್ಟುಬಿಟ್ಟಳು. ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡೆ.

ಮಧ್ಯಾಹ್ನ ಹಳೇಬೀಡಿಗೆ ಬಂದು ನನ್ನ ನಂಬರು ಹಾಕಿದ ಕಲ್ಲುಗಳನ್ನೆಲ್ಲ ತೋರಿಸಿದೆ. ಅವಳು ಒಂದೊಂದನ್ನೂ ಹುಷಾರಿಲ್ಲದವರನ್ನು ಮುಟ್ಟಿದ ಹಾಗೆ ಮುಟ್ಟಿದಳು. ಆಮೇಲೆ ಕೆರೆ ನೋಡೋಣ ಎಂದು ಏರಿಯ ಕಡೆ ನಡೆದೆವು. ಮಳೆಗಾಲ ಆಗಷ್ಟೇ ಮುಗಿದಿತ್ತು. ಏರಿಯ ಉದ್ದಕ್ಕೂ ತುಂಬೆ ಬೆಳೆದು ಬೆಳ್ಳಗೆ ಹೂ ಬಿಟ್ಟಿತ್ತು. ಅಜ್ಜಿ ಸೆರಗನ್ನು ಮಡಿಲು ಮಾಡಿ ಸಿಕ್ಕಿಸಿಕೊಂಡು ಬಗ್ಗಿದಳು. ಎಪ್ಪತ್ತೈದು ದಾಟಿದ ಬೆನ್ನು, ಬಗ್ಗಿದ್ದು ಮೇಲೇಳಲು ಹೊತ್ತು ಹಿಡಿಯುತ್ತಿತ್ತು. ಒಂದೊಂದೇ ಹೂವನ್ನು ಉಗುರಿನಲ್ಲಿ ಬಿಡಿಸುತ್ತಿದ್ದಳು. ನಾನು ಬಿಡಿಸಿಕೊಡುತ್ತೇನೆಂದು ಹೋದೆ. ಅವಳು ತಿರುಗದೆಯೇ, ಅಭ್ಯಾಸಬಲಕ್ಕೆ, "ಮೂಸ್ಬ್ಯಾಡ ಮತ್ತೆ" ಎಂದಳು.

ನನಗೆ ತಡೆಯಲಾಗಲಿಲ್ಲ. ಆ ಏರಿಯ ಮೇಲೆಯೇ ಕೂತು ಎಲ್ಲವನ್ನೂ ಹೇಳಿದೆ. ಏಳನೆಯ ವಯಸ್ಸಿನಿಂದ ಆಚೆಗೆ ಒಂದು ದಿನವೂ ಮೂಸದೆ ಹೂ ಕೊಟ್ಟವಳಲ್ಲ ನಾನು, ನಿನ್ನ ಹರಕೆಯ ನಲವತ್ತೆಂಟು ದಿನವೂ ಮೂಸಿದೆ, ನನಗಾಗಿ ಹೊತ್ತ ಹರಕೆಯನ್ನು ನಾನೇ ಎಂಜಲು ಮಾಡಿದೆ ಎಂದೆ. ಹೇಳುತ್ತ ಹೇಳುತ್ತ ಅಳು ಬಂತು. ಅಜ್ಜಿ ನಿಧಾನಕ್ಕೆ ನನ್ನ ಪಕ್ಕ ಕೂತಳು. ಮಡಿಲ ತುಂಬೆಯನ್ನು ಕೈಯಾಡಿಸಿ ಕಸ ಆರಿಸಿದಳು.

"ನಂಗೆ ಗೊತ್ತಿಲ್ವೇನೇ?" ಎಂದಳು. "ಆ ಸಂಪಿಗೆ ಚೆಲ್ದೆನಲ್ಲ, ಆವತ್ತು ನಿನ್ ಮುಖ ನೋಡ್ದೆ. ಈ ಹುಡ್ಗಿ ಮೂಸ್ದೆ ಇರೋಳಲ್ಲ ಅಂತ ಗೊತ್ತಾಯ್ತು. ಮಗೀನ ಮೂಗು ಕಟ್ಟಾಕಾಯ್ತದಾ? ಅದ್ಕೇ ಆವತ್ತಿಂದ ಶಿವಂಗೆ ತುಂಬೆ ಮಾಡ್ಕಂಡೆ. ತುಂಬೇನ ಯಾರ್ ಮೂಸ್ತಾರೆ?"

ಹಾಗಾದರೆ ನಾನು ಬಿಡಿಸಿದ ಮಲ್ಲಿಗೆ, ಸಂಪಿಗೆ, ಜಾಜಿ ಯಾವುದೂ ದೇವರ ಹತ್ತಿರ ಹೋಗಲೇ ಇಲ್ಲ. ಅವೆಲ್ಲ ಹೋದದ್ದು ನನ್ನ ಜಡೆಗೆ, ಅಮ್ಮನ ತುರುಬಿಗೆ, ಬೀದಿಯ ಹೆಣ್ಣುಮಕ್ಕಳ ತಲೆಗೆ. ಹರಕೆಗೂ ಹಾಗೆಯೇ ಮಾಡಿದೆಯಾ ಎಂದು ಕೇಳಿದೆ. ಹರಕೆಗೂ ತುಂಬೆಯೇ ಎಂದಳು. ಆ ಬೇಸಿಗೆಯಲ್ಲಿ ಬದುವೆಲ್ಲ ಒಣಗಿತ್ತು. ನಾನು ಹಾಸಿಗೆಯಿಂದ ಏಳುವ ಮೊದಲೇ ಕೆರೆ ಕೋಡಿಯವರೆಗೆ ನಡೆದು, ನೀರಿನ ಪಸೆ ಇರುವಲ್ಲಿ ಹುಡುಕಿ, ನಲವತ್ತೆಂಟು ದಿನವೂ ಹಿಡಿ ತುಂಬೆ ತಂದು ಆ ಮುಚ್ಚಿದ ಬುಟ್ಟಿಯಲ್ಲಿ ಇಟ್ಟಿದ್ದಳು. ಹದಿನೈದು ವರ್ಷ ನಾನು ಚಪ್ಪರದ ಕೆಳಗೆ ನಿಂತು ಮೂಸಲಿ ಎಂದು ಈ ಮುದುಕಿ ಊರಾಚೆ ಬಗ್ಗಿ ಬಗ್ಗಿ ಹೂ ಬಿಡಿಸಿದ್ದಳು.

"ಮತ್ತೆ ದಿನಾ ಯಾಕೆ ಕೇಳ್ತಿದ್ದೆ?" ಎಂದೆ.

"ಕೇಳಾದು ನನ್ ಕೆಲ್ಸ. ಮೂಸಾದು ನಿನ್ ಕೆಲ್ಸ" ಎಂದಳು.

ಆಮೇಲೆ ಅವಳು ಕೊರಳಲ್ಲಿ ಕಟ್ಟಿಕೊಂಡ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ತುಂಬೆ ಏರಿಸಿದಳು. ಅವಳು ಕಣ್ಣು ಮುಚ್ಚಿದ್ದಷ್ಟು ಹೊತ್ತು ನಾನು ಕೆರೆ ನೋಡುತ್ತ ಕೂತಿದ್ದೆ. ಎಷ್ಟೋ ವರ್ಷದ ಒಂದು ಭಾರ ಇಳಿದಿತ್ತು, ಆದರೆ ಅದರ ಜಾಗದಲ್ಲಿ ಬಂದು ಕೂತ ಋಣ ಅದಕ್ಕಿಂತ ದೊಡ್ಡದಾಗಿತ್ತು. ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿ, ಅವಳು ಸೊಂಟದ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಆ ಸೀಸೆ. ಊರಿನಿಂದಲೇ ತಂದಿದ್ದಳು. ಇದು ದೇವರಿಗೆ ತಂದದ್ದೋ ನನಗೆ ತಂದದ್ದೋ ಎಂದು ಕೇಳಿದಳು. ನಿನಗೇ ಎಂದೆ. ಹಾಗಾದರೆ ಮೊದಲು ನೀನು ಮೂಸು, ಇಲ್ಲದಿದ್ದರೆ ನನಗೆ ಸೇರುವುದಿಲ್ಲ ಎಂದಳು.

ಅರಗನ್ನು ಉಗುರಿನಲ್ಲಿ ಕಿತ್ತು ಬಿರಡೆ ತೆಗೆದೆ. ಮೊದಲ ಬಾರಿಗೆ ಅವಳ ಎದುರಿಗೇ, ಮುಖ ತಿರುಗಿಸದೆ, ಎದೆ ತುಂಬ ಎಳೆದುಕೊಂಡೆ. ಮಲ್ಲಿಗೆ ಇತ್ತು, ತಳದಲ್ಲಿ ಸ್ವಲ್ಪ ಕೊಬ್ಬರಿ ಇತ್ತು. ಚೆನ್ನಾಗಿತ್ತು, ಆದರೆ ನನಗೆ ಅಂಥ ವಿಶೇಷವೇನೂ ಕಾಣಲಿಲ್ಲ. ಏನೋ ತಪ್ಪಿತು, ಮೂಸದೆ ಕೊಂಡ ಮೇಲೆ ಇಷ್ಟೇ ಎಂದುಕೊಂಡು ಸೀಸೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಮೂಗಿನ ಹತ್ತಿರ ತಂದಳು. ಹಾಗೇ ಇದ್ದಳು, ಜಗಲಿಯ ಮೇಲೆ ನನ್ನ ಕುತ್ತಿಗೆಯ ಹತ್ತಿರ ಮುಖ ತಂದು ಇರುತ್ತಿದ್ದಷ್ಟೇ ಹೊತ್ತು.

"ಮಲ್ಗೆ ಅಲ್ಲ ಕಣೇ ಇದು" ಎಂದಳು. ನಾನು ಪೆಚ್ಚಾಗಿ ಏನೆಂದು ಕೇಳಿದೆ.

"ನಿನ್ ಜಡೆ."

ಅವಳ ಕಣ್ಣಿಗೆ ಎಂದೂ ಮಂಜು ಇರಲಿಲ್ಲ. ಆಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ನಾನು ದಿನವೂ ನೋಡುತ್ತಿದ್ದೆ. ಹೂ ಮುಡಿಯುವ ಹಾಗಿಲ್ಲ, ದೇವರ ಹೂ ಮೂಸುವ ಹಾಗಿಲ್ಲ. ಅವಳು ಮಲ್ಲಿಗೆಯನ್ನು ಮೂಸುತ್ತಿದ್ದದ್ದು ಒಂದೇ ಜಾಗದಲ್ಲಿ, ಕೊಬ್ಬರಿ ಎಣ್ಣೆ ಹಚ್ಚಿದ ನನ್ನ ಜಡೆಯಲ್ಲಿ. ಆ ಜಡೆಯನ್ನು ನಾನು ಯಾರೋ ಬಸ್ಸಿನಲ್ಲಿ ಎದ್ದುಹೋದರೆಂದು ಕತ್ತರಿಸಿ ಬಿಸಾಡಿ ಬಂದಿದ್ದೆ. ತನ್ನ ಮೈಯ ವಾಸನೆ ತನಗೆ ತಿಳಿಯುವುದಿಲ್ಲ, ಹಾಗಾಗಿ ಸೀಸೆಯಲ್ಲಿ ನನಗೇನೂ ಕಾಣಲಿಲ್ಲ. ಆದರೆ ಮೊದಲ ದಿನ, ಜಡೆ ಇದ್ದಾಗ, ಎಣ್ಣೆ ಇದ್ದಾಗ ನನ್ನ ಪಕ್ಕ ಕೂತ ಗೆಳತಿಗೆ ಅದು ನೆನಪಿತ್ತು. ಇದು ಯಾರ ಹಾಗಿದೆ ಎಂದು ಕೇಳಿದಾಗ ಅವಳು ಏಕೆ ಸುಮ್ಮನಾದಳೆಂದು ನನಗೆ ಆ ಏರಿಯ ಮೇಲೆ ತಿಳಿಯಿತು. ಆ ಇಬ್ಬರಿಗೂ ಅಂದೇ ಸಂಜೆ ಕಾಗದ ಬರೆದೆ. ನಮ್ಮ ಊರಿನ ಎಲ್ಲ ದೇವರುಗಳೂ ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಬರೆದದ್ದು ನೆನಪಿದೆ.

ಅಜ್ಜಿ ಸೀಸೆಗೆ ಬಿರಡೆ ಒತ್ತಿ ಎಲೆಯಡಿಕೆ ಚೀಲದಲ್ಲಿ ಹಾಕಿಕೊಂಡಳು. ಬಸ್ಸಿಗೆ ಹೊತ್ತಾಯಿತು ಎಂದು ನನ್ನ ಭುಜ ಹಿಡಿದು ಎದ್ದಳು. ಮರುದಿನ ಬೆಳಿಗ್ಗೆ ನಾನು ಗಾಣದ ಎಣ್ಣೆಯ ಬಟ್ಟಲು ಹಿಡಿದು ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಅವಳಿಗೆ ಬೆನ್ನು ಕೊಟ್ಟು ಕೂತೆ. ಹೂ ನಿಲ್ಲುವಷ್ಟು ಜಡೆ ಬೆಳೆಯಲು ಒಂದೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಅಜ್ಜಿ ಸೀಸೆಯಿಂದಲೇ ಸುಧಾರಿಸಿಕೊಂಡಳು.